ಮೂರನೇ ಮಹಡಿಯ ಚಟ್ನಿಪುಡಿ: ಅಪಾರ್ಟ್‌ಮೆಂಟಿನಲ್ಲಿ ಮನೆ ವ್ಯಾಪಾರಕ್ಕೆ ಯಾರ್ಯಾರ ಒಪ್ಪಿಗೆ ಬೇಕು?

ತುಮಕೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ 48 ಮನೆಗಳಿವೆ. ಎರಡು ವರ್ಷ ನಾನೇ ಅಲ್ಲಿನ ಸಂಘದ ಕಾರ್ಯದರ್ಶಿ. ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೆ ನಾನು ಆದೆ. ಮೊದಲ ತಿಂಗಳೇ ಒಂದು ದೂರು ಬಂತು. ಮೂರನೇ ಮಹಡಿಯಲ್ಲಿ ಬೆಳಿಗ್ಗೆ ಐದೂವರೆಗೆ ಮಿಕ್ಸಿ ಶುರುವಾಗುತ್ತದೆ, ಒಣಮೆಣಸಿನಕಾಯಿ ಹುರಿದ ಘಾಟು ಮೆಟ್ಟಿಲ ತುಂಬ ಹರಡುತ್ತದೆ, ಕೊರಿಯರ್ ಹುಡುಗರು ಲಿಫ್ಟ್ ಬಿಡುವುದೇ ಇಲ್ಲ. ಕೊನೆಯ ಸಾಲು ಹೀಗಿತ್ತು: 'ಇದು ವಾಸದ ಕಟ್ಟಡ. ಇಲ್ಲಿ ಯಾವ ವ್ಯಾಪಾರವನ್ನೂ ಮಾಡುವಂತಿಲ್ಲ.'

ಚಟ್ನಿಪುಡಿ ಮಾಡುತ್ತಿದ್ದ ಅಕ್ಕನನ್ನು ಕೇಳಿದೆ. ಅವರು ಫ್ರೇಮ್ ಹಾಕಿಸಿದ ಒಂದು ಕಾಗದ ತಂದು ತೋರಿಸಿದರು. 'ಫುಡ್ ಲೈಸೆನ್ಸ್ ಇದೆ ಸಾರ್. ಇನ್ನು ಯಾರೂ ಕೇಳೋ ಹಾಗಿಲ್ಲ.'

ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು. ವಾಸದ ಕಟ್ಟಡದಲ್ಲಿ ಯಾವ ದುಡಿಮೆಯೂ ಕೂಡದು ಅಂತ ಯಾವ ಕಾಯ್ದೆಯೂ ಸಾರಾಸಗಟಾಗಿ ಹೇಳುವುದಿಲ್ಲ. ಹಾಗೆಯೇ ಒಂದು ಕಚೇರಿಯ ಕಾಗದ ಇನ್ನೊಂದು ಕಚೇರಿಯಲ್ಲಿ ನಡೆಯುವುದಿಲ್ಲ. ಆಹಾರ ಇಲಾಖೆ ಹೂಂ ಅಂದರೆ ಸಂಘ ಹೂಂ ಅಂದಂತಲ್ಲ. ಸಂಘ ಹೂಂ ಅಂದರೆ ಬೆಸ್ಕಾಂ ಹೂಂ ಅಂದಂತಲ್ಲ. ಮನೆ ವ್ಯಾಪಾರದ ಗೊಂದಲ ಮುಕ್ಕಾಲು ಪಾಲು ಇಷ್ಟೇ.

ಅಂದಹಾಗೆ, ದೂರು ಕೊಟ್ಟವರು ತಮ್ಮ ಮನೆಯಲ್ಲೇ ಸಂಜೆ ಹನ್ನೆರಡು ಮಕ್ಕಳಿಗೆ ಗಣಿತ ಟ್ಯೂಷನ್ ಮಾಡುತ್ತಿದ್ದರು. ಅದು ಅವರ ಲೆಕ್ಕದಲ್ಲಿ ವ್ಯಾಪಾರವಲ್ಲ. ಇನ್ನೊಂದು ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಾರೆ, ಒಬ್ಬರು ಆರಿ ವರ್ಕ್ ಮಾಡುತ್ತಾರೆ, ಒಬ್ಬರು ಆರ್ಡರ್ ಮೇಲೆ ಕೇಕ್ ಮಾಡಿಕೊಡುತ್ತಾರೆ. ನಾಲ್ಕು ಮನೆಯಲ್ಲಿ ಬೆಂಗಳೂರಿನ ಕಂಪನಿಗಳ ಕೆಲಸ ಲ್ಯಾಪ್‌ಟಾಪ್ ಮೇಲೆ ನಡೆಯುತ್ತದೆ. ಎಣಿಸುತ್ತಾ ಹೋದರೆ ದುಡಿಮೆ ಇಲ್ಲದ ಮನೆಯೇ ಕಡಿಮೆ.

ನಿಮ್ಮದು ಯಾವ ಸಂಘ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಸರಸ್ವತಿಪುರಂ, ಎಸ್‌ಐಟಿ ಬಡಾವಣೆಯಂಥ ಕಡೆ ಬಿಡಿ ಮನೆಗಳಿರುತ್ತವೆ. ಅಲ್ಲಿ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ ಇರಬಹುದು. ಪಾರ್ಕು, ಗಣೇಶೋತ್ಸವ, ಬೀದಿದೀಪ ಅಂತ ಅದು ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಆದರೆ ಜಾಗ ನಿಮ್ಮದು, ಗೋಡೆ ನಿಮ್ಮದು, ರಸ್ತೆ ಪಾಲಿಕೆಯದು. ನಿಮ್ಮ ಕ್ರಯಪತ್ರದಲ್ಲಿ ಷರತ್ತು ಇಲ್ಲದಿದ್ದರೆ, ನೀವೇ ಸದಸ್ಯರಾಗಿ ನಿಯಮಕ್ಕೆ ಒಪ್ಪಿರದಿದ್ದರೆ, ನಿಮ್ಮ ಮನೆಯೊಳಗಿನ ಹೊಲಿಗೆ ಮಷೀನಿನ ಬಗ್ಗೆ ಆ ಸಂಘ ಮಾತಾಡುವುದು ಕಷ್ಟ. ಅಲ್ಲಿ ಕೇಳುವವರು ಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ.

ಅಪಾರ್ಟ್‌ಮೆಂಟಿನ ಕಥೆ ಬೇರೆ. ಅಲ್ಲಿ ನೀವು ಕೊಂಡದ್ದು ನಾಲ್ಕು ಗೋಡೆಯ ಜೊತೆಗೆ ನೆಲದಲ್ಲೊಂದು ಬಿಡಿಸಲಾಗದ ಪಾಲು. ಲಿಫ್ಟು, ಮೆಟ್ಟಿಲು, ಬೋರ್‌ವೆಲ್, ಸಂಪು, ಗೇಟು ಎಲ್ಲರದ್ದು. ಹಾಗಾಗಿ ಎಲ್ಲರ ಮಾತೂ ಲೆಕ್ಕಕ್ಕೆ ಬರುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟ ಕಟ್ಟಡವಾದರೆ ಕಟ್ಟಡವನ್ನು ಆ ಕಾಯ್ದೆಗೆ ಒಪ್ಪಿಸುವ ಒಂದು ಘೋಷಣಾ ಪತ್ರ ಇರುತ್ತದೆ, ಅದರ ಜೊತೆ ಬೈಲಾ, ಅಂದರೆ ಸಂಘದ ನಿಯಮಾವಳಿ ಇರುತ್ತದೆ. ಈ ಬೈಲಾ ಪಾಲಿಸುವುದು ಪ್ರತಿ ಮಾಲೀಕರ ಹೊಣೆ. ಮುರಿದರೆ ಸಂಘವಾಗಲಿ, ತೊಂದರೆಯಾದ ಇನ್ನೊಬ್ಬ ಮಾಲೀಕರಾಗಲಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಬಹುದು, ನಷ್ಟ ಪರಿಹಾರವನ್ನೂ ಕೇಳಬಹುದು.

ಎಷ್ಟೋ ಅಪಾರ್ಟ್‌ಮೆಂಟ್ ಸಂಘಗಳು ಈ ಕಾಯ್ದೆಯ ಬದಲು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿವೆ. ಅಲ್ಲೂ ಬೈಲಾ ಇರುತ್ತದೆ, ಆದರೆ ಅದರ ಬಲ ಬರುವುದು ನಿಮ್ಮ ಸದಸ್ಯತ್ವದಿಂದ. ಇನ್ನು ಕೆಲವು ಕಡೆ ನೋಂದಣಿಯೇ ಆಗಿರುವುದಿಲ್ಲ. ಒಂದು ವಾಟ್ಸಾಪ್ ಗ್ರೂಪು, ಅದಕ್ಕೊಬ್ಬರು ಅಡ್ಮಿನ್, ಅಷ್ಟೇ ಸಂಘ. ಗ್ರೂಪಿನಲ್ಲಿ ದಪ್ಪಕ್ಷರದಲ್ಲಿ ಹಾಕಿದ ಮೆಸೇಜಿಗೆ ಕಾನೂನಿನ ಬಲ ಬರುವುದಿಲ್ಲ, ಅಡ್ಮಿನ್‌ಗಳು ಬೇಜಾರು ಮಾಡಿಕೊಂಡರೂ ಸರಿ.

ಆದ್ದರಿಂದ ಎರಡು ಕಾಗದ ಓದಿ. ಒಂದು ನಿಮ್ಮ ಕ್ರಯಪತ್ರ. ಅದರ ಕೊನೆಯ ಪುಟಗಳಲ್ಲಿ, ಯಾರೂ ಓದದ ಕಡೆ, ಖರೀದಿದಾರರ ಹೊಣೆ ಅಂತ ಒಂದು ಪಟ್ಟಿ ಇರುತ್ತದೆ. 'ವಾಸಕ್ಕೆ ಮಾತ್ರ ಬಳಸತಕ್ಕದ್ದು' ಎಂಬ ಸಾಲು ಇರುವುದು ಅಲ್ಲೇ. ಇನ್ನೊಂದು ಬೈಲಾ. ಘೋಷಣಾ ಪತ್ರ ನೋಂದಣಿಯಾಗಿದ್ದರೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅದರ ದೃಢೀಕೃತ ನಕಲು ಸಿಗುತ್ತದೆ. ಸಂಘದವರು 'ಬೈಲಾದಲ್ಲಿದೆ' ಅಂದಾಗ 'ಯಾವ ಪುಟ ಸಾರ್?' ಅಂತ ಕೇಳುವ ಹಕ್ಕು ನಿಮಗಿದೆ. ನನ್ನನ್ನು ಹಾಗೆ ಕೇಳಿದಾಗಲೇ ನಾನು ಬೈಲಾ ಮೊದಲ ಸಲ ಪೂರ್ತಿ ಓದಿದ್ದು.

ಓದಿದಾಗ ಸಿಕ್ಕಿದ್ದು ಇಷ್ಟು. ಮನೆಗಳನ್ನು ವಾಸಕ್ಕೆ ಬಳಸಬೇಕು. ಸಂಘದ ಒಪ್ಪಿಗೆ ಇಲ್ಲದೆ ಕಟ್ಟಡದ ಮೇಲೆ ಜಾಹೀರಾತು, ಪೋಸ್ಟರ್ ಹಾಕಬಾರದು. ನೆರೆಯವರಿಗೆ ತೊಂದರೆಯಾಗುವ ಸದ್ದು ಮಾಡಬಾರದು. ನಡೆಯುವ ಜಾಗದಲ್ಲಿ ಸಾಮಾನು ಇಡಬಾರದು. ಚಟ್ನಿಪುಡಿ ಅನ್ನುವ ಪದ ಎಲ್ಲೂ ಇಲ್ಲ. ವಾಸದ ಜೊತೆ ಸಣ್ಣ ದುಡಿಮೆ ಮಾಡಿದರೆ ಅದು ವಾಸವೇ ಅಥವಾ ಅಲ್ಲವೇ ಅನ್ನುವುದಕ್ಕೂ ಉತ್ತರವಿಲ್ಲ. ಉತ್ತರ ಇರಬೇಕಾದದ್ದು ಸರ್ವಸದಸ್ಯರ ಸಭೆಯಲ್ಲಿ, ಕಾರ್ಯದರ್ಶಿಯ ತಲೆಯಲ್ಲಲ್ಲ.

ಇನ್ನೊಂದು ಮಾತು. ಸಂಘಕ್ಕೆ ಸಿಟ್ಟು ಬಂದರೂ ನಿಮ್ಮ ಮನೆಯ ನೀರು ನಿಲ್ಲಿಸುವುದು, ಮೀಟರ್ ಬೋರ್ಡಿಗೆ ಕೈ ಹಾಕುವುದು, ಗ್ರಾಹಕರನ್ನು ಗೇಟಿನಲ್ಲಿ ಬೈದು ಕಳಿಸುವುದು, ಇದ್ಯಾವುದೂ ಅದರ ಕೆಲಸವಲ್ಲ. ಅದರ ದಾರಿ ನೋಟಿಸು, ಸಭೆ, ಕೊನೆಗೆ ಕೋರ್ಟು. ಬಾಡಿಗೆಗೆ ಇರುವವರಿಗೆ ಮಾತ್ರ ಇನ್ನೂ ಒಂದು ಮೆಟ್ಟಿಲು ಜಾಸ್ತಿ: ಕರಾರಿನಲ್ಲಿ ಏನಿದೆ ನೋಡಿ, ಮಾಲೀಕರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

ಆ ಫ್ರೇಮ್ ಹಾಕಿಸಿದ ಕಾಗದ

ಅಕ್ಕ ತೋರಿಸಿದ್ದು ಲೈಸೆನ್ಸ್ ಅಲ್ಲ, ನೋಂದಣಿ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಅಡಿಯಲ್ಲಿ ಎರಡೂ ಬೇರೆ ಬೇರೆ. ಅವರು ಮಾಡಿಸಿದ್ದು 2023ರಲ್ಲಿ. ಆಗ ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟು ಇರುವವರಿಗೆ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಅದಕ್ಕಿಂತ ಮೇಲಾದರೆ ಲೈಸೆನ್ಸ್. 12 ಲಕ್ಷ ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ಕೆಜಿಗೆ 600 ರೂಪಾಯಿ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ವರ್ಷಕ್ಕೆ 2,000 ಕೆಜಿ, ದಿನಕ್ಕೆ ಐದೂವರೆ ಕೆಜಿ. ಯುಗಾದಿ, ದೀಪಾವಳಿ ಹೊತ್ತಿಗೆ ಇದು ಅಂಥ ದೂರದ ಮಾತಲ್ಲ. ಇದು ಲಾಭದ ಲೆಕ್ಕವೂ ಅಲ್ಲ, ಮಾರಿದ ಮೊತ್ತದ ಲೆಕ್ಕ. ಸುಮಾರು ಜನ ಇಲ್ಲೇ ಎಡವುತ್ತಾರೆ.

ಆ ಕಾಗದದ ಮೇಲಿನ 14 ಅಂಕಿಯ ಸಂಖ್ಯೆಯನ್ನು ಪ್ರತಿ ಪ್ಯಾಕೆಟ್ ಮೇಲೆ ಹಾಕಬೇಕು. ಜೊತೆಗೆ ಒಳಗೆ ಏನೇನಿದೆ, ತೂಕ ಎಷ್ಟು, ಯಾವಾಗ ಮಾಡಿದ್ದು, ಎಷ್ಟು ದಿನ ಇಡಬಹುದು, ಸಸ್ಯಾಹಾರದ ಹಸಿರು ಗುರುತು, ತಯಾರಿಸಿದವರ ವಿಳಾಸ. ಈ ವಿಳಾಸ ಅನ್ನುವುದೇ ಅಪಾರ್ಟ್‌ಮೆಂಟಿನಲ್ಲಿ ತಮಾಷೆ ಮಾಡುತ್ತದೆ. ಪ್ಯಾಕೆಟ್ ಮೇಲೆ ನಿಮ್ಮ ಫ್ಲಾಟ್ ನಂಬರ್ ಅಚ್ಚಾದ ಮೇಲೆ ಬಟವಾಡಿಯಿಂದ ಒಬ್ಬರು, ಶಿರಾ ಗೇಟಿನಿಂದ ಒಬ್ಬರು ಫೋನೂ ಮಾಡದೆ ನೇರ ಗೇಟಿಗೆ ಬರುತ್ತಾರೆ. 'ಇಲ್ಲೇ ಅಲ್ವಾ ಚಟ್ನಿಪುಡಿ ಸಿಗೋದು?' ಸೆಕ್ಯುರಿಟಿಯವರ ರಿಜಿಸ್ಟರ್‌ನಲ್ಲಿ ಹೆಸರುಗಳ ಸಾಲು ಬೆಳೆಯುತ್ತದೆ. ಮುಂದೆ ದೂರು ಬಂದಾಗ ಮೊದಲ ಸಾಕ್ಷಿ ಆ ರಿಜಿಸ್ಟರೇ.

ಪಾಲಿಕೆಯದ್ದು ಇನ್ನೊಂದು ಬಾಗಿಲು. ತುಮಕೂರಿಗೆ ಮಹಾನಗರ ಪಾಲಿಕೆ ಇರುವುದರಿಂದ 1976ರ ಪೌರ ನಿಗಮಗಳ ಕಾಯ್ದೆ ನಡೆಯುತ್ತದೆ. ಚಿಕ್ಕಬಳ್ಳಾಪುರದಂಥ ನಗರಸಭೆ ಊರಿನಲ್ಲಿ 1964ರ ಪೌರಸಭೆಗಳ ಕಾಯ್ದೆ. ಉದ್ದಿಮೆ ಪರವಾನಗಿ ಬೇಕಾದ ಕೆಲಸಗಳ ಪಟ್ಟಿ ಇರುತ್ತದೆ. ಪುಡಿ ಮಾಡುವ ಗಿರಣಿ, ಬೇಕರಿ, ಸಾಮಾನು ದಾಸ್ತಾನು ಇಡುವುದು ಇಂಥವಕ್ಕೆ ಅಲ್ಲಿ ವಿಚಾರಿಸಲೇಬೇಕು. ಮನೆಯ ಒಂದು ಭಾಗವನ್ನು ವ್ಯಾಪಾರಕ್ಕೆ ಅಂತ ತೋರಿಸಿದರೆ ಆಸ್ತಿ ತೆರಿಗೆಯ ದರವೂ ಬದಲಾಗಬಹುದು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾತ್ರ ಸುಲಭ. 2020ರ ಜುಲೈಯಿಂದ ಇದೆ, ಆಧಾರ್ ಇದ್ದರೆ ಮನೆಯಲ್ಲೇ ಆಗುತ್ತದೆ, ಸರ್ಕಾರದ ತಾಣದಲ್ಲಿ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ತಾಣಕ್ಕೆ ಹೋಗಿದ್ದೀರಿ ಅಂದರೆ ತಪ್ಪು ಕಡೆ ಹೋಗಿದ್ದೀರಿ. ಅದು ಸಾಲ, ಸಬ್ಸಿಡಿಗೆ ಉಪಯೋಗಕ್ಕೆ ಬರುತ್ತದೆಯೇ ಹೊರತು ಬೇರೆ ಯಾವ ಅನುಮತಿಯ ಬದಲಿಗೂ ಬರುವುದಿಲ್ಲ.

ಮೀಟರ್ ಬೋರ್ಡಿನಲ್ಲಿ ಅಡಗಿರುವ ಪಟ್ಟಿ

ನನಗೆ ಈ ಎಲ್ಲದರಲ್ಲಿ ತುಂಬ ಇಷ್ಟವಾದದ್ದು ಕರೆಂಟಿನ ವಿಷಯ. ಯಾಕೆಂದರೆ ಜನ ಹೆದರುವುದು ಒಂದಕ್ಕೆ, ಹೆದರಬೇಕಾದದ್ದು ಇನ್ನೊಂದಕ್ಕೆ.

'ಮನೆ ಮೀಟರಿನಲ್ಲಿ ಹೊಲಿಗೆ ಮಷೀನ್ ಓಡಿಸಿದರೆ ಕಮರ್ಷಿಯಲ್ ಬಿಲ್ ಬರುತ್ತಂತೆ' ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ಗೃಹ ಬಳಕೆ ಅಂದರೆ ಏನು ಅಂತ ವಿವರಿಸುವ ಕಡೆ ಒಂದು ಪಟ್ಟಿ ವರ್ಷಗಳಿಂದ ಇದೆ. ಮನೆಯಲ್ಲಿ ವಾಸವಿರುವವರೇ ಮನೆಯ ಒಂದು ಭಾಗದಲ್ಲಿ ಈ ಕೆಲಸಗಳನ್ನು ಮಾಡಿಕೊಂಡರೆ ಅದೂ ಗೃಹ ಬಳಕೆಯೇ: ಕೈಮಗ್ಗದ ನೇಯ್ಗೆ, ರೇಷ್ಮೆ ಹುಳು ಸಾಕಣೆ, ರೇಷ್ಮೆ ನೂಲು ಬಿಚ್ಚಾಣಿಕೆ, ಚಾಕಿ (ರೇಷ್ಮೆಯ ಮರಿಹುಳು) ಸಾಕಣೆ, 200 ವ್ಯಾಟ್‌ವರೆಗಿನ ಮೋಟರು ಬಳಸುವ ಕುಶಲಕರ್ಮಿಗಳ ಕೆಲಸ, ಟೈಲರಿಂಗ್, ಟೈಪಿಂಗ್, ಅಕ್ಕಸಾಲಿ ಕೆಲಸ, ಬ್ಯೂಟಿ ಪಾರ್ಲರ್, ಬಟ್ಟೆ ಒಗೆಯುವ ಕಸುಬು, ಪೇಯಿಂಗ್ ಗೆಸ್ಟ್, ಕಂಪ್ಯೂಟರ್, ಕೈಯಿಂದ ನಡೆಸುವ ಮುದ್ರಣ ಯಂತ್ರ. ಸಲಹೆ ಕೊಡುವ ವಕೀಲರು, ವೈದ್ಯರು, ಎಂಜಿನಿಯರು, ಆಡಿಟರು ಇದ್ದಾರೆ. ಜ್ಯೋತಿಷಿಗಳೂ ಇದ್ದಾರೆ. ಒಂದು ಎಚ್‌ಪಿವರೆಗಿನ ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರವೂ ಅದರಲ್ಲಿ ಬರುತ್ತದೆ.

ಪಟ್ಟಿ ಓದುತ್ತಿದ್ದರೆ ಶಿಡ್ಲಘಟ್ಟದ ಕಡೆಯ ಒಂದು ಬೀದಿ ಕಣ್ಣಮುಂದೆ ಬರುತ್ತದೆ. ನಮ್ಮ ಊರುಗಳಲ್ಲಿ ಮನೆ ಬೇರೆ, ಕಸುಬು ಬೇರೆ ಅಂತ ಗೋಡೆ ಹಾಕಿದ್ದು ಈಚೆಗೆ. ಹುಳು ಸಾಕುವ ತಟ್ಟೆ ಮಲಗುವ ಕೋಣೆಯಲ್ಲೇ ಇರುತ್ತಿತ್ತು. ದರಪಟ್ಟಿ ಬರೆದವರಿಗೆ ಅದು ಗೊತ್ತಿತ್ತು ಅನ್ನಿಸುತ್ತದೆ. ಅಪಾರ್ಟ್‌ಮೆಂಟಿನ ಬೈಲಾ ಬರೆದವರಿಗೆ ಗೊತ್ತಿರಲಿಲ್ಲ.

ಆದರೆ ಆ ಪಟ್ಟಿಯ ಎರಡು ಮಾತು ಮರೆಯಬಾರದು. ವಾಸವಿರುವವರು ಮತ್ತು ಮನೆಯ ಒಂದು ಭಾಗ. ಖಾಲಿ ಫ್ಲಾಟ್ ಒಂದನ್ನು ಪೂರ್ತಿ ಪಾರ್ಲರ್ ಮಾಡಿದರೆ ಈ ರಿಯಾಯಿತಿ ಇಲ್ಲ. ಇನ್ನು ಮಾರಾಟಕ್ಕೆ ಅಡುಗೆ ಮಾಡುವುದು, ಪುಡಿ ಕುಟ್ಟುವುದು, ಕೇಕ್ ಬೇಯಿಸುವುದು ಪಟ್ಟಿಯಲ್ಲಿಲ್ಲ. ಹೊಲಿಗೆಯವರು ನೆಮ್ಮದಿಯಾಗಿರಬಹುದು, ಚಟ್ನಿಪುಡಿಯವರು ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಒಂದು ಮಾತು ಕೇಳಿ ಬರುವುದು ಒಳ್ಳೆಯದು. ದರಪಟ್ಟಿ ಆಗಾಗ ಪರಿಷ್ಕರಣೆಯಾಗುತ್ತದೆ, ಹಾಗಾಗಿ ಈಗ ನಡೆಯುತ್ತಿರುವ ಪಟ್ಟಿಯನ್ನೇ ನೋಡಿ. ಯಾಕೆಂದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್ ಸ್ವಲ್ಪ ಖಾರ. ಒಂದು ಉದ್ದೇಶಕ್ಕೆ ಪಡೆದ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ ಅಲ್ಲಿಗೆ ಅನ್ವಯಿಸುವ ದರದ ಎರಡರಷ್ಟು ಹಾಕಬಹುದು. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ.

ಗೃಹಜ್ಯೋತಿಯ ಲೆಕ್ಕವೂ ಇಲ್ಲೇ ಸೇರುತ್ತದೆ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚಿಗೆ ಸೇರಿಸಿ ಉಚಿತ ಯೂನಿಟ್ ಕೊಡುತ್ತಾರೆ, 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್. ಒಂದು ಎಚ್‌ಪಿ ಮೋಟರಿನ ಗ್ರೈಂಡರ್ ದಿನಕ್ಕೆ ಮೂರು ಗಂಟೆ ಓಡಿದರೆ ಎರಡು ಯೂನಿಟ್‌ಗಿಂತ ಜಾಸ್ತಿ, ತಿಂಗಳಿಗೆ 65ರ ಹತ್ತಿರ. ಪುಡಿಯ ಬೆಲೆ ಕಟ್ಟುವಾಗ ಕರೆಂಟ್ ಬಿಟ್ಟಿ ಅಂದುಕೊಂಡವರಿಗೆ ಒಂದು ತಿಂಗಳು ಶಾಕ್ ಹೊಡೆಯುವುದು ಹೀಗೆ.

ಗ್ಯಾಸಿನದು ಒಂದೇ ಮಾತು. 14.2 ಕೆಜಿಯ ಕೆಂಪು ಸಿಲಿಂಡರ್ ಮನೆಯ ಅಡುಗೆಗೆ. ಮಾರುವ ಅಡುಗೆಗೆ 19 ಕೆಜಿಯದು. ಅಪಾರ್ಟ್‌ಮೆಂಟಿನಲ್ಲಿ ಆ ದೊಡ್ಡ ಸಿಲಿಂಡರ್ ಮೂರನೇ ಮಹಡಿಗೆ ಹೋಗುವುದನ್ನು ನೋಡಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಈ ಭಯ ಬರೀ ಅಸೂಯೆ ಅಂತ ತಳ್ಳಿಹಾಕುವಂಥದ್ದಲ್ಲ.

ಹಿಂದೂಪುರಕ್ಕೆ ಕಳಿಸಿದ ಚಟ್ನಿಪುಡಿ

2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡು ಹಾಕಿದರು. ಆಗ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಎಲ್ಲರಿಗೂ ನಡುಕ. ಕುಚ್ಚು ಕಟ್ಟುವವರೂ ಹೆದರಿದರು. ಅಷ್ಟು ಹೆದರಬೇಕಿರಲಿಲ್ಲ. ವಸ್ತು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಹೊಲಿಗೆ, ಪಾರ್ಲರ್, ಟ್ಯೂಷನ್ ಸೇವೆ. ಚಟ್ನಿಪುಡಿ ವಸ್ತು.

ಆದರೆ ಒಂದು ಗುಂಡಿ ಇದೆ, ಅದನ್ನು ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ನಮ್ಮ ಮೂರು ಜಿಲ್ಲೆಯವರು ನೋಡಿಕೊಂಡು ನಡೆಯಬೇಕು. ತೆರಿಗೆ ಇರುವ ವಸ್ತುವನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ 40 ಲಕ್ಷದ ಮಿತಿ ನಡೆಯುವುದಿಲ್ಲ. ಕರಕುಶಲ ವಸ್ತುಗಳಂಥ ಕೆಲವಕ್ಕೆ ವಿನಾಯಿತಿ ಇದೆ, ಉಳಿದವಕ್ಕೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಗೌರಿಬಿದನೂರಿನಿಂದ ಹಿಂದೂಪುರಕ್ಕೆ ಒಂದು ಗಂಟೆಯೂ ಬೇಡ. ಪಾವಗಡದ ಸುತ್ತ ಆಂಧ್ರವೇ. ಕೋಲಾರದವರಿಗೆ ಆ ಕಡೆ ಆಂಧ್ರ, ಈ ಕಡೆ ತಮಿಳುನಾಡು. ನಮಗೆ ಅದು ಪಕ್ಕದ ಊರು, ತೆರಿಗೆಗೆ ಅದು ಬೇರೆ ರಾಜ್ಯ. ರಾಜ್ಯದೊಳಗೆ ಆನ್‌ಲೈನ್ ತಾಣಗಳ ಮೂಲಕ ವಸ್ತು ಮಾರುವ ಸಣ್ಣವರಿಗೆ ಮಾತ್ರ 2023ರ ಅಕ್ಟೋಬರ್‌ನಿಂದ ದಾರಿ ಸುಲಭವಾಗಿದೆ. ಪೂರ್ತಿ ಜಿಎಸ್‌ಟಿ ನೋಂದಣಿ ಬೇಡ, ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು.

ಬಾಗಿಲಿನಿಂದ ಆಚೆ ಏನು ಬರುತ್ತದೆ?

ಮತ್ತೆ ನಮ್ಮ ಮೂರನೇ ಮಹಡಿಗೆ ಬರೋಣ. ದೂರು ಇಟ್ಟುಕೊಂಡು ಸಭೆ ಕರೆದೆವು. ಮೊದಲ ಅರ್ಧ ಗಂಟೆ ಬರೀ ಕೂಗಾಟ. ಆಮೇಲೆ ಒಬ್ಬ ನಿವೃತ್ತ ಮೇಷ್ಟ್ರು ಎದ್ದು ನಿಂತು ಕೇಳಿದರು: 'ಅವರು ಒಳಗೆ ಏನು ಮಾಡ್ತಾರೆ ಅನ್ನೋದು ಬಿಡಿ. ಬಾಗಿಲಿಂದ ಆಚೆ ಏನು ಬರುತ್ತೆ, ಅದು ಹೇಳಿ.'

ಅಲ್ಲಿಂದ ಮಾತು ಹಳಿಗೆ ಬಂತು. ಆಚೆ ಬರುತ್ತಿದ್ದದ್ದು ನಾಲ್ಕು: ಸದ್ದು, ಘಾಟು, ಜನ, ಪಾತ್ರೆ ತೊಳೆದ ನೀರು. ಲ್ಯಾಪ್‌ಟಾಪಿನವರ ಮನೆಯಿಂದ ಏನೂ ಬರುವುದಿಲ್ಲ, ಅದಕ್ಕೆ ಅವರ ಬಗ್ಗೆ ದೂರಿಲ್ಲ. ಟ್ಯೂಷನ್ ಮನೆಯಿಂದ ಹನ್ನೆರಡು ಸೈಕಲ್ ಬರುತ್ತವೆ, ಗೇಟಿನ ಪಕ್ಕ ಅಡ್ಡ ನಿಲ್ಲುತ್ತವೆ. ಇದನ್ನು ಮೇಷ್ಟ್ರು ಹೇಳಿದಾಗ ದೂರು ಕೊಟ್ಟವರು ಮೊಬೈಲ್ ನೋಡತೊಡಗಿದರು.

ಸದ್ದಿಗೆ ಒಂದು ಅಳತೆ ಮೊದಲೇ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಐದೂವರೆಯ ಮಿಕ್ಸಿ ಆ ಲೆಕ್ಕದಲ್ಲಿ ರಾತ್ರಿಯ ಮಿಕ್ಸಿ. ಅಕ್ಕ ಏಳು ಗಂಟೆಗೆ ಒಪ್ಪಿದರು, ಜೊತೆಗೆ ಮಿಕ್ಸಿ ಕೆಳಗೆ ದಪ್ಪ ರಬ್ಬರ್ ಹಾಸು. ಜನ ಬರುವುದು ನಿಲ್ಲಿಸಲು ಪ್ಯಾಕೆಟ್‌ಗಳನ್ನು ಗೇಟಿನ ಕೋಣೆಯಲ್ಲಿ ಇಟ್ಟು ಅಲ್ಲಿಂದಲೇ ಕೊಡುವ ವ್ಯವಸ್ಥೆ. ಘಾಟಿಗೆ ಮಾತ್ರ ಯಾವ ಉಪಾಯವೂ ಹೊಳೆಯಲಿಲ್ಲ. ಚಿಮಣಿ ಹಾಕಿದರೆ ಘಾಟು ಮೇಲಿನ ಮನೆಯ ಕಿಟಕಿಗೇ ಹೋಗುತ್ತದೆ. ಕೊನೆಗೆ ಮೆಣಸಿನಕಾಯಿ ಹುರಿಯುವ ಕೆಲಸವನ್ನು ಅವರು ಕ್ಯಾತ್ಸಂದ್ರದ ತಂಗಿಯ ಮನೆ ಹಿತ್ತಿಲಿಗೆ ಸಾಗಿಸಿದರು. ವಾರಕ್ಕೆ ಎರಡು ದಿನ. ಆ ವಿಳಾಸಕ್ಕೂ ಆಹಾರ ನೋಂದಣಿ ಬೇಕು ಅಂತ ಹೇಳಿದ್ದಕ್ಕೆ ನನ್ನ ಮೇಲೆ ಒಂದು ವಾರ ಮುನಿಸು.

ನೀರಿನದು ಬೇರೆ ಥರದ ಜಗಳ. ಊರಿಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ಬೇಸಿಗೆಯಲ್ಲಿ ಅದು ಸಾಲದೆ ಟ್ಯಾಂಕರ್ ತರಿಸುತ್ತೇವೆ. ಬಿಲ್ಲನ್ನು 48ರಿಂದ ಭಾಗಿಸುತ್ತೇವೆ. ಒಬ್ಬರ ಮನೆಯ ದೊಡ್ಡ ಪಾತ್ರೆಗಳಿಗೆ ಉಳಿದ 47 ಜನ ಯಾಕೆ ದುಡ್ಡು ಕೊಡಬೇಕು? ಪ್ರಶ್ನೆ ನ್ಯಾಯವೇ. ಮನೆಮನೆಗೆ ನೀರಿನ ಮೀಟರ್ ಹಾಕಿಸಿದರೆ ಮುಗಿಯಿತು, ಆದರೆ ಆ ಖರ್ಚಿಗೆ ಯಾರೂ ಕೈ ಎತ್ತಲಿಲ್ಲ. ಅಕ್ಕ ಮೇಂಟೆನೆನ್ಸ್ ಜೊತೆ ತಿಂಗಳಿಗೆ 300 ರೂಪಾಯಿ ಜಾಸ್ತಿ ಕೊಡುವುದು ಅಂತಾಯಿತು. ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಬೇಡಿ, ಚೌಕಾಸಿಯಿಂದ ಬಂತು.

ಇದನ್ನೆಲ್ಲ ಒಂದು ಪುಟದಲ್ಲಿ ಬರೆಸಿ, ಸಭೆಯ ನಡಾವಳಿ ಪುಸ್ತಕಕ್ಕೆ ಅಂಟಿಸಿದೆವು. ನೀವು ಶುರು ಮಾಡುವ ಮುಂಚೆಯೇ ಇಂಥ ಒಂದು ಪತ್ರವನ್ನು ನೀವೇ ಬರೆದು ಕೊಟ್ಟರೆ ಕೂಗಾಟದ ಅರ್ಧ ಗಂಟೆ ಉಳಿಯುತ್ತದೆ. 'ವ್ಯಾಪಾರ ಮಾಡಲು ಅನುಮತಿ ಕೊಡಿ' ಅಂತ ಬರೆಯಬೇಡಿ. ಆ ಪದ ಕಂಡರೆ ಸಮಿತಿಯವರ ಕಣ್ಣಿಗೆ ಚಿಕ್ಕಪೇಟೆಯೇ ಬಂದು ನಿಲ್ಲುತ್ತದೆ. ಏನು ಮಾಡುತ್ತೀರಿ, ಎಷ್ಟರಿಂದ ಎಷ್ಟು ಗಂಟೆ, ದಿನಕ್ಕೆ ಎಷ್ಟು ಜನ ಬರಬಹುದು, ಅವರ ಗಾಡಿ ಎಲ್ಲಿ ನಿಲ್ಲುತ್ತದೆ, ಕೆಲಸಕ್ಕೆ ಹೊರಗಿನವರು ಇರುತ್ತಾರಾ, ಬೋರ್ಡು ಹಾಕುತ್ತೀರಾ, ಇಷ್ಟು ಬರೆಯಿರಿ. ಆರು ತಿಂಗಳಿಗೆ ಒಪ್ಪಿಗೆ ಕೇಳಿ, ಶಾಶ್ವತಕ್ಕಲ್ಲ. ಆರು ತಿಂಗಳು ಅಂದರೆ ಎಂಥವರೂ ಸಹಿ ಹಾಕುತ್ತಾರೆ.

ನಮ್ಮ ಪುಟದ ಕೊನೆಗೆ ಮೇಷ್ಟ್ರು ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು: 'ಈ ನಿಯಮಗಳು ಟ್ಯೂಷನ್ನಿಗೂ ಅನ್ವಯಿಸುತ್ತವೆ.' ದೂರು ಕೊಟ್ಟವರೂ ಅದಕ್ಕೆ ಸಹಿ ಹಾಕಿದರು. ಸೈಕಲ್ಲುಗಳು ಈಗ ಜನರೇಟರ್ ಪಕ್ಕ ಸಾಲಾಗಿ ನಿಲ್ಲುತ್ತವೆ. 300 ರೂಪಾಯಿ ಸಾಲದು ಅಂತ ಈ ಏಪ್ರಿಲ್‌ನಲ್ಲಿ ಹೊಸ ಕಾರ್ಯದರ್ಶಿಗೆ ಒಂದು ಅರ್ಜಿ ಬಂದಿದೆಯಂತೆ.